ಥೇಮ್ಸ್ ಅಳಿವೆಯಲ್ಲಿ ಜಾಗಕ್ಕೆ ಬರವಿಲ್ಲ, ಹೊತ್ತಿಗೆ ಬರ

ಇಂಗ್ಲೆಂಡಿನ ಸೌತೆಂಡ್ ಊರಿನಲ್ಲಿ ಸಮುದ್ರದೊಳಕ್ಕೆ ಚಾಚಿದ ಒಂದು ಸೇತುವೆ ಇದೆ. ಅದು ಆಚೆ ದಡಕ್ಕೆ ಹೋಗುವುದಿಲ್ಲ, ನೀರಿನ ನಡುವೆಯೇ ನಿಲ್ಲುತ್ತದೆ. ಉದ್ದ 2 ಕಿಲೋಮೀಟರಿಗೂ ಜಾಸ್ತಿ. ವಿಹಾರಕ್ಕೆಂದು ಕಟ್ಟಿದ ಇಂಥ ಸೇತುವೆಗಳಲ್ಲಿ ಜಗತ್ತಿಗೇ ಇದು ಉದ್ದದ್ದು. ಅದರ ಮೇಲೆ ಪುಟ್ಟ ರೈಲೂ ಓಡುತ್ತದೆ. ಇಷ್ಟುದ್ದ ಕಟ್ಟಿದ್ದು ಬಡಾಯಿಗಲ್ಲ. ಇಳಿತದ ಹೊತ್ತಿನಲ್ಲಿ ನೀರು ಅಷ್ಟು ದೂರ ಹಿಂದೆ ಸರಿಯುತ್ತದೆ. ಲಂಡನ್ನಿನಿಂದ ಹಡಗಿನಲ್ಲಿ ಬಂದ ಜನ ಇಳಿಯಬೇಕಾದರೆ ಸೇತುವೆಯೇ ನೀರನ್ನು ಹುಡುಕಿಕೊಂಡು ಹೋಗಬೇಕಿತ್ತು.

ಇದು ಥೇಮ್ಸ್ ನದಿಯ ಅಳಿವೆ. ಉಬ್ಬರ ಬಂದಾಗ ಕಣ್ಣು ಹಾಯುವಷ್ಟೂ ನೀರು. ಆರು ಗಂಟೆ ಕಳೆದರೆ ಅದೇ ಜಾಗದಲ್ಲಿ ಕೆಸರು ಬಯಲು, ಮರಳು ದಿಬ್ಬ, ನಡುನಡುವೆ ಕಾಲುವೆಗಳು. ದೊಡ್ಡ ಉಬ್ಬರದ ದಿನ ನೀರಿನ ಮಟ್ಟ 5 ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಉತ್ತರಕ್ಕೆ ಎಸೆಕ್ಸ್, ದಕ್ಷಿಣಕ್ಕೆ ಕೆಂಟ್. ಮೆಡ್ವೇ, ಸ್ವೇಲ್, ಕ್ರೌಚ್, ಬ್ಲ್ಯಾಕ್‌ವಾಟರ್ ಎಂಬ ಚಿಕ್ಕ ಅಳಿವೆಗಳೆಲ್ಲ ಈ ದೊಡ್ಡ ಬಾಯಿಯ ಆಚೀಚೆ ತೆರೆದುಕೊಳ್ಳುತ್ತವೆ. ಲಂಡನ್ ಎಂಬ ಮಹಾನಗರದ ಬಾಗಿಲಲ್ಲೇ ಇಷ್ಟು ದೊಡ್ಡ ಕೆಸರುನಾಡು ಉಳಿದಿದೆ ಎಂದರೆ ನಂಬುವುದು ಕಷ್ಟ.

ಇಲ್ಲಿ ಈಗ ಒಂದು ತಕರಾರು ಬಿಸಿಯಾಗುತ್ತಿದೆ. ಒಂದು ಕಡೆ ಹಾಯಿದೋಣಿಯವರು. ತಲೆಮಾರುಗಳಿಂದ ಇಲ್ಲೇ ಗಾಳಿ ಹಿಡಿದು ಬೆಳೆದವರು. ಇನ್ನೊಂದು ಕಡೆ ಹಕ್ಕಿ, ಸೀಲ್ ಎಂಬ ಕಡಲಪ್ರಾಣಿ, ಕಡಲಹುಲ್ಲು ಉಳಿಸಬೇಕೆನ್ನುವವರು. ದೋಣಿಗಳು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ನಕ್ಷೆಯಲ್ಲಿ ಗೆರೆ ಎಳೆಯಬೇಕು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನನಗನ್ನಿಸುವುದು ಬೇರೆ. ಇಲ್ಲಿನ ಜಗಳ ಬಹುಪಾಲು ಜಾಗದ್ದಲ್ಲ, ಹೊತ್ತಿನದ್ದು. ಅಳಿವೆ ಅಗಲವಾಗಿಯೇ ಇದೆ. ಆದರೆ ದೋಣಿಗೂ ಪ್ರಾಣಿಗೂ ಒಂದೇ ಗಳಿಗೆ ಬೇಕಾಗುತ್ತದೆ.

ಉಬ್ಬರದ ಪಟ್ಟಿ ಏನು ಹೇಳುತ್ತದೆ

ಹಕ್ಕಿಗಳಿಂದ ಶುರು ಮಾಡೋಣ. ಚಳಿಗಾಲದಲ್ಲಿ ಉತ್ತರ ಧ್ರುವದ ಕಡೆಯಿಂದ ಲಕ್ಷಗಟ್ಟಲೆ ಹಕ್ಕಿಗಳು ಇಂಗ್ಲೆಂಡಿನ ಪೂರ್ವ ಕರಾವಳಿಗೆ ಇಳಿಯುತ್ತವೆ. ಡನ್ಲಿನ್, ನಾಟ್, ಕೆಂಪು ಕಾಲಿನ ರೆಡ್‌ಶ್ಯಾಂಕ್, ಕಪ್ಪು ತಲೆಯ ಬ್ರೆಂಟ್ ಹೆಬ್ಬಾತು. ಇವಕ್ಕೆ ಊಟದ ತಟ್ಟೆ ಎಂದರೆ ಇಳಿತದಲ್ಲಿ ತೆರೆದುಕೊಳ್ಳುವ ಕೆಸರು. ಅದರೊಳಗೆ ಹುಳ, ಸಣ್ಣ ಚಿಪ್ಪು, ಬಸವನಹುಳು. ಡನ್ಲಿನ್ ತೂಗುವುದು ಸುಮಾರು 50 ಗ್ರಾಂ. ಅಷ್ಟು ಸಣ್ಣ ಮೈಯಲ್ಲಿ ಕೊಬ್ಬು ಜಾಸ್ತಿ ಕೂಡಿಡಲಾಗದು. ಚಳಿ ಕೊರೆಯುವಾಗ ಹಗಲಿನ ಇಳಿತ ಸಾಲದೆ ರಾತ್ರಿಯ ಇಳಿತದಲ್ಲೂ ಅದು ಕೆಸರು ಕೆದಕುತ್ತದೆ.

ಉಬ್ಬರ ಏರಿದಾಗ ತಟ್ಟೆ ಮುಚ್ಚಿಹೋಗುತ್ತದೆ. ಆಗ ಹಕ್ಕಿಗಳೆಲ್ಲ ಒಣಗಿ ಉಳಿದ ಕೆಲವೇ ತುಣುಕುಗಳ ಮೇಲೆ ಒತ್ತೊತ್ತಾಗಿ ನಿಲ್ಲುತ್ತವೆ. ಜವುಗು ಹುಲ್ಲಿನ ಅಂಚು, ಬೆಣಚುಕಲ್ಲಿನ ದಿಬ್ಬ, ಹಳೆಯ ಒಡ್ಡಿನ ಕೊನೆ. ಮೈಲಿಗಟ್ಟಲೆ ಹರಡಿದ್ದ ಹಕ್ಕಿಗಳು ಕೆಲವೇ ಮೀಟರುಗಳಲ್ಲಿ ಸೇರುತ್ತವೆ. ಅಲ್ಲಿ ಅವು ತಿನ್ನುವುದಿಲ್ಲ, ಮೈಬಿಸಿ ಉಳಿಸಿಕೊಂಡು ಕಾಯುತ್ತವೆ. ಈ ಕಾಯುವಿಕೆಯ ನಡುವೆ ಎಬ್ಬಿಸಿದರೆ ಹಾರಬೇಕು. ಹಾರುವುದು ನಿಂತಿರುವುದಕ್ಕಿಂತ ಎಷ್ಟೋ ಪಟ್ಟು ದುಬಾರಿ. ತಿಂದು ತುಂಬಿಸಿಕೊಳ್ಳೋಣ ಎಂದರೆ ತಟ್ಟೆ ನೀರಿನಡಿಯಲ್ಲಿದೆ.

ದೋಣಿಯವರಿಗೆ ಬೇಕಾದ ಹೊತ್ತೂ ಇದೇ. ಸೌತೆಂಡ್, ಲೀ ಕಡೆಯ ಕ್ಲಬ್ಬುಗಳ ಮುಂದೆ ಇಳಿತದಲ್ಲಿ ನೀರೇ ಇರುವುದಿಲ್ಲ. ದೋಣಿ ಇಳಿಸುವ ಇಳಿಜಾರು ಕೆಸರಿನಲ್ಲಿ ಮುಗಿಯುತ್ತದೆ. ಹಾಗಾಗಿ ಅವರು ವರ್ಷದ ರೇಸುಗಳ ಪಟ್ಟಿಯನ್ನು ಉಬ್ಬರದ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಾರೆ. ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ ಹೊರಡು, ನೀರು ಇಳಿಯುವ ಮುನ್ನ ವಾಪಸ್ ಬಾ. ಹಕ್ಕಿಗೆ ಜಾಗ ಕುಗ್ಗುವ ಗಳಿಗೆಯಲ್ಲೇ ದೋಣಿಗೆ ಜಾಗ ಹಿಗ್ಗುತ್ತದೆ.

ಇದಕ್ಕೆ ಇನ್ನೊಂದು ಸುತ್ತು ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹುಣ್ಣಿಮೆ ಮತ್ತು ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಬರುವ ದೊಡ್ಡ ಉಬ್ಬರ ಯಾವುದೇ ಒಂದು ಊರಿನಲ್ಲಿ ಹೆಚ್ಚುಕಮ್ಮಿ ಒಂದೇ ಗಡಿಯಾರದ ಹೊತ್ತಿಗೆ ಬರುತ್ತದೆ. ಚಂದ್ರ ಸೂರ್ಯರ ಲೆಕ್ಕವೇ ಹಾಗೆ. ಥೇಮ್ಸ್ ಬಾಯಿಯಲ್ಲಿ ಅದು ಮಧ್ಯಾಹ್ನದ ಆಸುಪಾಸು, ಇನ್ನೊಂದು ನಡುರಾತ್ರಿಯ ಆಸುಪಾಸು. ಅಂದರೆ ನೀರು ಅತಿ ಎತ್ತರಕ್ಕೆ ಬಂದು ಹಕ್ಕಿಗಳನ್ನು ಅತಿ ಚಿಕ್ಕ ತುಣುಕಿಗೆ ತಳ್ಳುವ ದಿನ, ಆ ಗಳಿಗೆ ಹಗಲಿನ ನಡುಮಧ್ಯದಲ್ಲೇ ಬೀಳುತ್ತದೆ. ಆ ದಿನ ಭಾನುವಾರವೂ ಆಗಿದ್ದರೆ ಊಟ ಮುಗಿಸಿ ದೋಣಿ ಹತ್ತುವವರಿಗೆ ಅದಕ್ಕಿಂತ ಅನುಕೂಲದ ಉಬ್ಬರ ಇನ್ನೊಂದಿಲ್ಲ. ಬೇರೆ ಅಳಿವೆಗಳಲ್ಲಿ ದೊಡ್ಡ ಉಬ್ಬರ ಬೆಳಗ್ಗೆ ಸಂಜೆ ಬರಬಹುದು. ಅಲ್ಲಿ ಬರೆದ ನಿಯಮವನ್ನು ತಂದು ಇಲ್ಲಿ ಅಂಟಿಸಿದರೆ ಕೆಲಸಕ್ಕೆ ಬರುವುದಿಲ್ಲ.

ಸೀಲ್‌ಗಳದ್ದು ಇದಕ್ಕೆ ತಲೆಕೆಳಗು. ಅವಕ್ಕೆ ಬೇಕಾದದ್ದು ಇಳಿತ. ನೀರು ತಗ್ಗಿದಾಗ ಮೇಲೆ ಬರುವ ಮರಳು ದಿಬ್ಬಗಳ ಮೇಲೆ ಮಲಗಿ ಮೈ ಒಣಗಿಸುತ್ತವೆ, ಮರಿ ಹಾಕುತ್ತವೆ. ಇಲ್ಲಿ ಎರಡು ಜಾತಿ: ಸಾಮಾನ್ಯ ಸೀಲ್ ಮತ್ತು ಬೂದು ಸೀಲ್. ಸಾಮಾನ್ಯ ಸೀಲ್ ಮರಿ ಹಾಕುವುದು ಜೂನ್, ಜುಲೈ ತಿಂಗಳಲ್ಲಿ. ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಈಜಬೇಕು, ಯಾಕೆಂದರೆ ಮುಂದಿನ ಉಬ್ಬರಕ್ಕೆ ಹೆರಿಗೆಯ ಜಾಗವೇ ಮುಳುಗುತ್ತದೆ! ಹಾಲು ಕುಡಿಯುವುದು ಮೂರು ನಾಲ್ಕು ವಾರ ಮಾತ್ರ, ಅದೂ ಹೆಚ್ಚಾಗಿ ಇಳಿತದ ಹೊತ್ತಿನಲ್ಲಿ, ದಿಬ್ಬದ ಮೇಲೆ. ದಿನಕ್ಕೆ ಎರಡು ಇಳಿತ ಎಂದು ಹಿಡಿದರೆ ಮರಿಗೆ ಸಿಗುವುದು ಹೆಚ್ಚುಕಮ್ಮಿ ಐವತ್ತು ಸಲದ ಅವಕಾಶ. ಅದರಲ್ಲಿ ಒಂದಷ್ಟು ರಾತ್ರಿಯದ್ದು. ಹಗಲಿನದ್ದರಲ್ಲಿ ನಾಲ್ಕಾರು ಸಲ ಯಾರೋ ಫೋಟೊ ತೆಗೆಯಲು ಹತ್ತಿರ ಬಂದು ತಾಯಿ ನೀರಿಗೆ ಜಿಗಿದರೆ, ಮರಿಯ ತೂಕದಲ್ಲಿ ಅದು ಕಾಣುತ್ತದೆ.

ಈಗ ದೋಣಿಯವರು ಇಳಿತದಲ್ಲಿ ಏನು ಮಾಡುತ್ತಾರೆ ನೋಡಿ. ಹಾಯಿದೋಣಿ ನದಿಯ ಮೇಲಕ್ಕೆ ಹೋಗಬೇಕಾದರೆ ಏರುನೀರು ಬೇಕು. ಎದುರು ಸೆಳೆತದಲ್ಲಿ ಹಾಯಿ ಬಿಚ್ಚಿಕೊಂಡು ಕೂತರೆ ಇದ್ದಲ್ಲೇ ಇರಬೇಕಾಗುತ್ತದೆ. ಹಾಗಾಗಿ ಯಾವುದಾದರೂ ಮರಳು ದಿಬ್ಬದ ಮರೆಯಲ್ಲಿ ಲಂಗರು ಹಾಕಿ ನೀರು ತಿರುಗುವುದನ್ನು ಕಾಯುತ್ತಾರೆ. ಮೂರು ನಾಲ್ಕು ಗಂಟೆ ಸುಮ್ನೆ ಕೂರಬೇಕು. ಚಹಾ ಆಯಿತು, ತಿಂಡಿ ಆಯಿತು. ಪಕ್ಕದ ದಿಬ್ಬದ ಮೇಲೆ ಸೀಲ್‌ಗಳು. ಚಿಕ್ಕ ರಬ್ಬರ್ ದೋಣಿ ಇಳಿಸಿ ಹತ್ತಿರ ಹೋಗಿ ನೋಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ದೋಣಿ ಓಡುವಾಗ ಆಗದ ತೊಂದರೆ ದೋಣಿ ನಿಂತಾಗ ಆಗುತ್ತದೆ.

ಒಂದು ಕಾಲಕ್ಕೆ ಈ ನೀರಿನಲ್ಲಿ ಸೀಲ್ ಇರುತ್ತದೆ ಎಂದರೆ ಯಾರೂ ಒಪ್ಪುತ್ತಿರಲಿಲ್ಲ. 1957ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಥೇಮ್ಸ್ ನದಿ ಜೀವವಿಲ್ಲದ್ದು ಎಂದೇ ಹೇಳಿತ್ತು. ಕೊಳಚೆ ಶುದ್ಧ ಮಾಡಲು ಶುರು ಮಾಡಿದ ಮೇಲೆ ಮೀನು ಬಂತು, ಮೀನಿನ ಹಿಂದೆ ಉಳಿದದ್ದೂ ಬಂತು. ಲಂಡನ್ ಪ್ರಾಣಿಶಾಸ್ತ್ರ ಸಂಘದವರು 2018ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳಲ್ಲಿ 138 ಸಾಮಾನ್ಯ ಸೀಲ್ ಮರಿಗಳನ್ನು ಎಣಿಸಿದರು. ಆದರೆ ಈಚಿನ ವರ್ಷಗಳಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಈ ಜಾತಿಯ ಎಣಿಕೆ ಇಳಿಯುತ್ತಿದೆ. ಅದಕ್ಕೆ ದೋಣಿಗಳೇ ಕಾರಣ ಎಂದು ಹೇಳುವುದು ಅನ್ಯಾಯ. ಆದರೆ ಇಳಿಮುಖದಲ್ಲಿರುವ ಪ್ರಾಣಿಗೆ ಸಣ್ಣ ತೊಂದರೆಯೂ ಭಾರ.

ಕೆಂಪು ಹಾಯಿಯ ಹಳೆಯ ಕಾಲ

ಹಾಯಿದೋಣಿಯವರ ಕಡೆ ಒಂದು ಗಟ್ಟಿ ವಾದ ಇದೆ. ನಾವು ಇಲ್ಲಿ ನಿನ್ನೆ ಮೊನ್ನೆ ಬಂದವರಲ್ಲ ಎನ್ನುತ್ತಾರೆ. ನಿಜ. ಇಲ್ಲಿನ ಥೇಮ್ಸ್ ಬಾರ್ಜ್ ಎಂಬ ಸರಕು ದೋಣಿಯನ್ನು ಈ ಕೆಸರಿಗಾಗಿಯೇ ರೂಪಿಸಿದ್ದು. ತಳ ಚಪ್ಪಟೆ. ನೀರು ಇಳಿದರೆ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ, ಏರಿದರೆ ತೇಲುತ್ತದೆ. ಪಕ್ಕಕ್ಕೆ ಜಾರದಂತೆ ಎರಡೂ ಬದಿಗೆ ದೊಡ್ಡ ಹಲಗೆಗಳು, ಆಳವಿದ್ದಲ್ಲಿ ಇಳಿಸಬೇಕು, ಇಲ್ಲದಿದ್ದಲ್ಲಿ ಎತ್ತಬೇಕು. ಕೆಂಪು ಮಣ್ಣು, ಎಣ್ಣೆ ಬಳಿದ ಹಾಯಿ. ನೂರು ಟನ್ನಿಗೂ ಜಾಸ್ತಿ ಸರಕು ಹೊತ್ತ ಈ ದೋಣಿಯನ್ನು ಇಬ್ಬರೇ ಆಳು ನಡೆಸುತ್ತಿದ್ದರು.

ಎಸೆಕ್ಸಿನ ಹೊಲಗಳಿಂದ ಹುಲ್ಲಿನ ಬಣವೆಯನ್ನೇ ಮೇಲೆ ಪೇರಿಸಿಕೊಂಡು ಲಂಡನ್ನಿಗೆ ಹೋಗುತ್ತಿದ್ದವು. ಅಲ್ಲಿ ಲಕ್ಷಗಟ್ಟಲೆ ಕುದುರೆಗಳಿದ್ದವಲ್ಲ, ಅವುಗಳ ಮೇವಿಗೆ. ವಾಪಸ್ ಬರುವಾಗ ಅದೇ ಕುದುರೆಗಳ ಲದ್ದಿ, ಹೊಲಕ್ಕೆ ಗೊಬ್ಬರ. ಚುಕ್ಕಾಣಿ ಹಿಡಿದವನಿಗೆ ಬಣವೆ ಅಡ್ಡ ಬಂದು ಮುಂದಿನದೇನೂ ಕಾಣುತ್ತಿರಲಿಲ್ಲ. ಮುಂದೆ ನಿಂತವನು ಕೂಗಿ ಹೇಳಬೇಕು, ಹಿಂದಿನವನು ತಿರುಗಿಸಬೇಕು. 1863ರಿಂದ ಈ ಬಾರ್ಜ್‌ಗಳ ಪಂದ್ಯವೂ ಶುರುವಾಯಿತು. ಸರಕು ಸಾಗಣೆ ನಿಂತು ಎಷ್ಟೋ ದಶಕ ಆದರೂ ಉಳಿದಿರುವ ಬಾರ್ಜ್‌ಗಳು ಬೇಸಿಗೆಯಲ್ಲಿ ಇಂದಿಗೂ ಪಂದ್ಯ ಕಟ್ಟುತ್ತವೆ. ನೋಡಲು ಬಹಳ ಚಂದ.

ಆಗ ಸಾವಿರಾರು ಬಾರ್ಜ್ ಇದ್ದವು, ಹಕ್ಕಿಯೂ ಇತ್ತು, ಈಗ ಯಾಕೆ ತಕರಾರು? ನನಗೆ ಎರಡು ಉತ್ತರ ಕಾಣುತ್ತದೆ. ಸರಕು ದೋಣಿಗೆ ಒಂದು ದಾರಿ ಇರುತ್ತದೆ. ಹೊರಟರೆ ನೇರ ಕಟ್ಟೆಗೆ. ಹಕ್ಕಿ, ಸೀಲ್ ಇಂಥ ಓಡಾಟಕ್ಕೆ ಒಗ್ಗಿಕೊಳ್ಳುತ್ತವೆ. ಇವತ್ತಿಗೂ ಮುಖ್ಯ ಕಾಲುವೆಯಲ್ಲಿ ದೈತ್ಯ ಕಂಟೇನರ್ ಹಡಗು ಹೋದರೆ ದಿಬ್ಬದ ಮೇಲಿನ ಸೀಲ್ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ಅದೇ ಸೀಲ್, ತನ್ನ ಕಡೆಗೇ ತಿರುಗಿ ನಿಧಾನವಾಗಿ ಬರುವ ಪುಟ್ಟ ದೋಣಿ ಕಂಡರೆ ನೀರಿಗೆ ಬೀಳುತ್ತದೆ. ಬೇಟೆಗಾರ ಬರುವುದೂ ಹಾಗೆಯೇ ತಾನೆ, ಸದ್ದಿಲ್ಲದೆ, ನಿಧಾನವಾಗಿ. ಹಾಯಿಗೆ ಎಂಜಿನ್ ಸದ್ದಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ. ದೂರದಿಂದ ಸದ್ದು ಕೇಳಿದ್ದರೆ ಪ್ರಾಣಿಗೆ ಕನಿಷ್ಠ ಮುನ್ಸೂಚನೆ ಸಿಗುತ್ತಿತ್ತು. ಹಾಯಿ ತಿರುಗಿಸುವಾಗ ಒಮ್ಮೆಗೇ ಪಟಪಟ ಎನ್ನುವ ಬಟ್ಟೆ ಇನ್ನೂ ಕೆಟ್ಟದ್ದು.

ಎರಡನೆಯದು ಜವುಗಿನ ವಿಷಯ. ಆಗ ಹಕ್ಕಿಗೆ ಹೋಗಲು ಬೇರೆ ಕಡೆ ಇತ್ತು. ಈಗ ಎಸೆಕ್ಸ್ ಕರಾವಳಿಯ ಬಹುಪಾಲು ಒಡ್ಡಿನ ಹಿಂದೆ ಇದೆ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಅಳಿವೆಯ ಕ್ಯಾನ್ವೀ ದ್ವೀಪದಲ್ಲೇ ಐವತ್ತಕ್ಕೂ ಹೆಚ್ಚು. ಆಮೇಲೆ ಒಡ್ಡುಗಳನ್ನು ಎತ್ತರಿಸಿದರು, ಗಟ್ಟಿ ಮಾಡಿದರು. ಮಾಡಲೇಬೇಕಿತ್ತು. ಆದರೆ ಸಮುದ್ರ ಏರುತ್ತಾ ಬಂದಂತೆ ಜವುಗು ಹುಲ್ಲು ಒಳನಾಡಿಗೆ ಸರಿಯಬೇಕು. ಹಿಂದೆ ಗೋಡೆ ಇದ್ದರೆ ಸರಿಯುವುದೆಲ್ಲಿಗೆ? ಮುಂದಿನಿಂದ ನೀರು ತಿನ್ನುತ್ತದೆ, ಹಿಂದೆ ಕಾಂಕ್ರೀಟು. ಉಬ್ಬರದಲ್ಲಿ ಹಕ್ಕಿ ನಿಲ್ಲುವ ತುಣುಕುಗಳು ಹೀಗೆ ಕಿರಿದಾಗುತ್ತಿವೆ.

ಬಣ್ಣ ಮತ್ತು ಸರಪಳಿ

ಎಲ್ಲ ತೊಂದರೆಗೂ ಹೊತ್ತಿನ ಲೆಕ್ಕ ಹೊಂದುವುದಿಲ್ಲ. ದೋಣಿಯ ತಳಕ್ಕೆ ಬಳಿಯುವ ಬಣ್ಣವನ್ನೇ ತೆಗೆದುಕೊಳ್ಳಿ. ತಳದಲ್ಲಿ ಪಾಚಿ, ಚಿಪ್ಪುಗಳು ಮೆತ್ತಿಕೊಂಡರೆ ದೋಣಿ ಓಡುವುದಿಲ್ಲ. ಅದಕ್ಕೆ ಬಣ್ಣದಲ್ಲಿ ವಿಷ ಬೆರೆಸುತ್ತಾರೆ. 1970ರ ದಶಕದಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತ ಬಂತು. ಕೆಲಸವೇನೋ ಚೆನ್ನಾಗಿ ಮಾಡಿತು. ಆದರೆ ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಸಿಂಪಿಗಳು ಮರಿ ಮಾಡುವುದು ನಿಂತುಹೋಯಿತು, ಚಿಪ್ಪು ವಿಕಾರವಾಗಿ ದಪ್ಪವಾಯಿತು. ಹೆಣ್ಣು ಕಡಲ ಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆಯಿತು. ವಿಹಾರದ ದೋಣಿಗಳೇ ತುಂಬಿದ್ದ ಎಸೆಕ್ಸಿನ ಕ್ರೌಚ್ ನದಿಯಲ್ಲೂ ಸಿಂಪಿಗಳಿಗೆ ಇದೇ ಗತಿಯಾಯಿತು.

ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಇದನ್ನು ನಿಷೇಧಿಸಿತು, ಬ್ರಿಟನ್ 1987ರಲ್ಲಿ. ಜಗತ್ತಿನ ಎಲ್ಲ ಹಡಗುಗಳಿಗೂ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಬ್ರಿಟನ್ನಿನ ನಿಷೇಧದ ನಂತರದ ವರ್ಷಗಳಲ್ಲಿ ಕ್ರೌಚ್ ನದಿಯ ತಳದ ಜೀವಿಗಳು ಚೇತರಿಸಿಕೊಂಡವು. ಇಂಥ ಕಡೆ ಖಡಾಖಂಡಿತ ನಿಷೇಧವೇ ಮದ್ದು. ದೋಣಿ ನೀರಿನಲ್ಲಿರುವಷ್ಟು ಕಾಲ, ಓಡಲಿ ನಿಲ್ಲಲಿ, ವಿಷ ಜಿನುಗುತ್ತಲೇ ಇರುತ್ತದೆ. ಈಗಿನ ಬಣ್ಣಗಳಲ್ಲಿ ಹೆಚ್ಚಾಗಿ ತಾಮ್ರ ಇರುತ್ತದೆ. ಟಿಬಿಟಿಯಷ್ಟು ಕ್ರೂರವಲ್ಲ, ನಿರಪಾಯವೂ ಅಲ್ಲ.

ಕಡಲಹುಲ್ಲಿನದ್ದು ಮಾತ್ರ ನಿಜಕ್ಕೂ ಜಾಗದ ಪ್ರಶ್ನೆ. ಲೀ ಊರಿನ ಮುಂದೆ, ಮತ್ತು ಫೌಲ್ನೆಸ್ ಆಚೆಯ ಮ್ಯಾಪ್ಲಿನ್ ಮರಳಿನ ಮೇಲೆ, ಕುಳ್ಳ ಜಾತಿಯ ಕಡಲಹುಲ್ಲು ಬೆಳೆಯುತ್ತದೆ. ಸೈಬೀರಿಯಾದ ತೈಮಿರ್ ಕಡೆಯಿಂದ ಹಾರಿ ಬರುವ ಬ್ರೆಂಟ್ ಹೆಬ್ಬಾತುಗಳು ಅಕ್ಟೋಬರ್ ಹೊತ್ತಿಗೆ ಮೊದಲು ಬಾಯಿ ಹಾಕುವುದು ಇದಕ್ಕೆ. 1930ರ ದಶಕದಲ್ಲಿ ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ಕಡಲಹುಲ್ಲಿಗೆ ರೋಗ ಬಂದು ಒಣಗಿತು, ಹೆಬ್ಬಾತುಗಳೂ ಕುಸಿದವು. 1950ರ ದಶಕದಲ್ಲಿ ಕಪ್ಪು ಹೊಟ್ಟೆಯ ಈ ಬ್ರೆಂಟ್‌ಗಳು ಜಗತ್ತಿನಲ್ಲೆಲ್ಲ ಸೇರಿ ಇಪ್ಪತ್ತು ಸಾವಿರವೂ ಇರಲಿಲ್ಲ. 1954ರಲ್ಲಿ ಬ್ರಿಟನ್ ಅವುಗಳ ಬೇಟೆ ನಿಲ್ಲಿಸಿತು. ನಿಧಾನಕ್ಕೆ ಎಣಿಕೆ ಏರಿ ಎರಡು ಲಕ್ಷ ದಾಟಿತು. ನಡುವೆ ಇದೇ ಮ್ಯಾಪ್ಲಿನ್ ಮರಳಿನ ಮೇಲೆ ಲಂಡನ್ನಿನ ಮೂರನೆಯ ವಿಮಾನ ನಿಲ್ದಾಣ ಕಟ್ಟಲು 1973ರಲ್ಲಿ ಕಾನೂನೇ ಆಯಿತು. ಮರುವರ್ಷ ಸರ್ಕಾರ ಬದಲಾಗಿ ಯೋಜನೆ ರದ್ದಾಯಿತು. ಹೆಬ್ಬಾತುಗಳು ಬಚಾವ್.

ಇಷ್ಟೆಲ್ಲ ದಾಟಿ ಬಂದ ಹುಲ್ಲಿಗೆ ಈಗ ಲಂಗರು, ಸರಪಳಿಯ ಕಾಟ. ದೋಣಿ ಕಟ್ಟಿಹಾಕುವ ಸರಪಳಿ ನೆಲದ ಮೇಲೆ ಬಿದ್ದಿರುತ್ತದೆ. ಗಾಳಿ, ಸೆಳೆತ ತಿರುಗಿದಂತೆ ದೋಣಿ ಸುತ್ತುತ್ತದೆ, ಸರಪಳಿ ನೆಲ ಕೆರೆಯುತ್ತಾ ಬೋಳು ವೃತ್ತ ಮಾಡುತ್ತದೆ. ತಳದಿಂದ ಕೆಳಕ್ಕೆ ಚಾಚಿದ ಎರಡು ಅಡಿಪಟ್ಟಿಯ ದೋಣಿಗಳು ಕೆಸರಿನ ಮೇಲೆ ನೆಟ್ಟಗೆ ಕೂರುತ್ತವೆ ಎಂದು ಇಲ್ಲಿ ಬಹಳ ಜನಪ್ರಿಯ. ಅವು ಹುಲ್ಲಿನ ಮೇಲೆ ಕೂತರೆ ಎರಡು ಗೀರು. ಇದಕ್ಕೆ ದಾರಿ ಇಲ್ಲದಿಲ್ಲ. ಇಂಗ್ಲೆಂಡಿನ ದಕ್ಷಿಣದ ಸ್ಟಡ್‌ಲ್ಯಾಂಡ್ ಕೊಲ್ಲಿಯಲ್ಲಿ ಕಡಲಕುದುರೆ ಇರುವ ಹುಲ್ಲಿನ ಮೇಲೆ ಲಂಗರು ಹಾಕಬೇಡಿ ಎಂದು 2021ರ ಡಿಸೆಂಬರಿನಲ್ಲಿ ಮನವಿಯ ವಲಯ ಗುರುತಿಸಿದರು. ನೆಲಕ್ಕೆ ತಿರುಪು ಹಾಕಿ, ಸರಪಳಿಯ ಬದಲು ಹಿಗ್ಗುವ ಹಗ್ಗ ಕಟ್ಟಿದ ಬೋಯೆ ಎಂಬ ತೇಲುಗುಂಡುಗಳನ್ನು ಇಟ್ಟರು. ದೋಣಿಯವರಿಗೆ ಕಟ್ಟಿಕೊಳ್ಳಲು ಬೇರೆ ಜಾಗ ಕೊಟ್ಟು ಇಲ್ಲಿ ಬೇಡ ಎಂದರು. ಅದು ಬುದ್ಧಿವಂತಿಕೆ.

ದೋಣಿಯವರನ್ನೇ ಯಾಕೆ ಹಿಡಿಯುತ್ತೀರಿ?

ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೆಂಟ್ ಕರಾವಳಿಯಲ್ಲಿ ಹಕ್ಕಿಗಳನ್ನು ಯಾರು ಎಬ್ಬಿಸುತ್ತಾರೆ ಎಂದು ಕೂತು ಎಣಿಸಿದಾಗ, ದೊಡ್ಡ ಹಾರಾಟಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಕಾರಣ ನಾಯಿ ಸುತ್ತಾಡಿಸುವವರು. ದೋಣಿಯಲ್ಲ. ಅಲ್ಲಿ ಈಗ ಒಂದು ವ್ಯವಸ್ಥೆ ಇದೆ: ಕರಾವಳಿಯಿಂದ 6 ಕಿಲೋಮೀಟರ್ ಒಳಗೆ ಹೊಸ ಮನೆ ಕಟ್ಟುವವರು ಪ್ರತಿ ಮನೆಗೂ ಇಷ್ಟು ಪೌಂಡ್ ಎಂದು ಕೊಡಬೇಕು. ಆ ಹಣದಲ್ಲಿ ದಡದ ಮೇಲೆ ಕಾವಲಿನವರು ನಿಂತು ನಾಯಿಗೆ ಹಗ್ಗ ಹಾಕಿ ಎಂದು ಹೇಳುತ್ತಾರೆ.

ದೊಡ್ಡ ಲೆಕ್ಕಗಳು ಬೇರೆಯೇ ಇವೆ. 2013ರಲ್ಲಿ ತೆರೆದ ಲಂಡನ್ ಗೇಟ್‌ವೇ ಬಂದರಿಗಾಗಿ ಕಾಲುವೆ ಅಗೆದರು, ನಷ್ಟ ತುಂಬಲು ಬೇರೆ ಕಡೆ ಒಡ್ಡು ಒಡೆದು ಕೆಸರು ಬಯಲು ಮಾಡಿದರು. ಲಂಡನ್ನಿನ ಕೊಳಚೆ ಮಳೆ ಬಂದಾಗಲೆಲ್ಲ ನದಿಗೆ ಉಕ್ಕುತ್ತಿತ್ತು. 25 ಕಿಲೋಮೀಟರ್ ಉದ್ದದ ಸುರಂಗ 2025ರಲ್ಲಿ ಪೂರ್ತಿಯಾಗಿ ಜೋಡಣೆಯಾದ ಮೇಲೆ ಅದರ ಬಹುಭಾಗ ತಡೆಯಿತು. ಇವುಗಳ ಮುಂದೆ ನಾಲ್ಕು ಹಾಯಿ ಎಷ್ಟರದ್ದು?

ಅಳಿವೆಯ ಹೊರಬಾಯಿಯಲ್ಲಿ ಲಂಡನ್ ಅರೇ ಎಂಬ ಗಾಳಿ ವಿದ್ಯುತ್ ಘಟಕ ಇದೆ. 175 ಗಾಳಿಯಂತ್ರ. ಎರಡನೇ ಹಂತ ಕಟ್ಟುವ ಯೋಜನೆಯನ್ನು 2014ರಲ್ಲಿ ಕೈಬಿಟ್ಟರು. ಮುಖ್ಯ ಕಾರಣಗಳಲ್ಲಿ ಒಂದು, ಚಳಿಗಾಲ ಕಳೆಯಲು ಅಲ್ಲಿಗೆ ಬರುವ ಕೆಂಪು ಗಂಟಲಿನ ಡೈವರ್ ಹಕ್ಕಿ. ಇದು ವಿಪರೀತ ಪುಕ್ಕಲು. ಒಂದು ಕಿಲೋಮೀಟರಿಗೂ ದೂರದಲ್ಲಿ ಹಡಗು ಕಂಡರೂ ಎದ್ದು ಹೋಗುತ್ತದೆ. ಇಂಥ ಹಕ್ಕಿಗೂ ಹಾಯಿದೋಣಿಗೂ ಜಗಳ ಯಾಕಿಲ್ಲ ಗೊತ್ತೇ? ಅದು ಬರುವ ಹೊತ್ತಿಗೆ ಬಹುಪಾಲು ವಿಹಾರದ ದೋಣಿಗಳು ದಡದ ಮೇಲೆ ಟಾರ್ಪಾಲು ಹೊದ್ದು ಕೂತಿರುತ್ತವೆ. ಋತುವೇ ಇಬ್ಬರನ್ನೂ ದೂರ ಇಟ್ಟಿದೆ.

ಸರ್ಕಾರಿ ಕಾಗದದಲ್ಲೂ ಹೊತ್ತಿನ ನಿಯಮಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ, ಅದೂ ಬೇಟೆಗಾರರದ್ದು. ಬ್ರಿಟನ್ನಿನಲ್ಲಿ ಕಾಡುಬಾತು ಬೇಟೆ ಕಾನೂನುಬದ್ಧ. ಆದರೆ ಸುಮಾರು ಎರಡು ವಾರ ಸತತವಾಗಿ ಹಿಮಗಟ್ಟಿದರೆ, 1981ರ ವನ್ಯಜೀವಿ ಕಾನೂನಿನಡಿ ಬೇಟೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಹಸಿದ ಹಕ್ಕಿಯನ್ನು ಎಬ್ಬಿಸಬಾರದು ಎಂಬುದೇ ಅದರ ಹಿಂದಿನ ಯೋಚನೆ. ಚಳಿ ಮುರಿದ ಮೇಲೆ ಮತ್ತೆ ಅನುಮತಿ. ಯಾರೂ ಇದನ್ನು ಹಕ್ಕು ಕಿತ್ತುಕೊಂಡರು ಎಂದು ಬಯ್ಯುವುದಿಲ್ಲ. ಬಂದೂಕು ಹಿಡಿದವರು ಒಪ್ಪಿದ್ದನ್ನು ಹಾಯಿ ಹಿಡಿದವರು ಒಪ್ಪಲಾರರೇ?

ಕಾನೂನಿನಿಂದ ಗೆರೆ ಎಳೆಯುವುದೂ ಸುಲಭವಲ್ಲ. ಉಬ್ಬರ ಇಳಿತದ ನೀರಿನಲ್ಲಿ ದೋಣಿ ನಡೆಸುವುದು ಇಂಗ್ಲೆಂಡಿನಲ್ಲಿ ಎಲ್ಲರಿಗೂ ಇರುವ ಹಳೆಯ ಹಕ್ಕು. ಸೀಲ್ ಕೊಲ್ಲುವುದು, ಗಾಯಗೊಳಿಸುವುದು ಅಪರಾಧ. ಆದರೆ ಬೆದರಿಸಿ ನೀರಿಗೆ ಓಡಿಸುವುದು ಇಂಗ್ಲೆಂಡಿನಲ್ಲಿ ಎಲ್ಲೆಡೆ ಅಪರಾಧವಲ್ಲ. ಸ್ಕಾಟ್ಲೆಂಡಿನಲ್ಲಿ ಗೊತ್ತುಪಡಿಸಿದ ದಿಬ್ಬಗಳ ಬಳಿ ಅದೂ ಅಪರಾಧ. ಪುಟ್ಟ ಟರ್ನ್‌ನಂಥ ಕೆಲವು ಹಕ್ಕಿಗಳಿಗೆ ಗೂಡಿನ ಬಳಿ ಕಾನೂನಿನ ರಕ್ಷಣೆ ಇದೆ. ಉಬ್ಬರದಲ್ಲಿ ಗುಂಪಾಗಿ ನಿಂತ ಡನ್ಲಿನ್‌ಗಳಿಗೆ ಅಂಥದ್ದು ಕಡಿಮೆ.

ಜನರ ಮನಸ್ಸೂ ಹಾಗೇ. 2018ರ ಸೆಪ್ಟೆಂಬರಿನಲ್ಲಿ ಗ್ರೇವ್ಸೆಂಡ್ ಬಳಿ ಒಂದು ಬಿಳಿ ಬೆಲೂಗಾ ತಿಮಿಂಗಿಲ ಕಾಣಿಸಿತು. ಧ್ರುವದ ಪ್ರಾಣಿ, ದಾರಿ ತಪ್ಪಿ ಬಂದದ್ದು. ದೋಣಿಗಳಿಗೆ ದೂರ ಇರಿ ಎಂದು ಹೇಳಿದರು. ಅದಕ್ಕೆ ತೊಂದರೆಯಾಗಬಾರದೆಂದು ನವೆಂಬರಿನ ಪಟಾಕಿ ಉತ್ಸವವನ್ನೇ ಅಲ್ಲಿನ ಸ್ಥಳೀಯ ಆಡಳಿತ ಮುಂದೂಡಿತು. ಒಳ್ಳೆಯದೇ. ಆದರೆ ಕೆಸರಿನ ಬಣ್ಣದ್ದೇ ಮೈಯಿರುವ ಸಾವಿರಾರು ಹಕ್ಕಿಗಳಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿಲ್ಲ.

ಹೊಸ ಕೆಸರು, ಹೊಸ ದೋಣಿ

ಕ್ರೌಚ್ ನದಿಯ ಪಕ್ಕದ ವಾಲಸೀ ದ್ವೀಪದಲ್ಲಿ ಒಂದು ದೊಡ್ಡ ಪ್ರಯೋಗ ನಡೆದಿದೆ. ಲಂಡನ್ನಿನ ಕೆಳಗೆ ಕ್ರಾಸ್‌ರೈಲ್ ಎಂಬ ರೈಲು ಮಾರ್ಗದ ಸುರಂಗ ಕೊರೆದಾಗ ಬಂದ ಮಣ್ಣಿನಲ್ಲಿ 30 ಲಕ್ಷ ಟನ್ನಿಗೂ ಜಾಸ್ತಿಯನ್ನು ಇಲ್ಲಿಗೆ ತಂದು ನೆಲ ಎತ್ತರಿಸಿದರು. 2015ರಲ್ಲಿ ಒಡ್ಡು ಒಡೆದು ಸಮುದ್ರಕ್ಕೆ ದಾರಿ ಬಿಟ್ಟರು. ಹೊಲವಾಗಿದ್ದದ್ದು ಮತ್ತೆ ಜವುಗಾಯಿತು. ಹಕ್ಕಿಗಳಿಗೆ ಉಬ್ಬರದಲ್ಲಿ ನಿಲ್ಲಲು ಹೊಸ ತುಣುಕುಗಳು ಸಿಕ್ಕವು.

ಆದರೆ ನೀರಿಗೆ ದಾರಿ ತೆರೆದರೆ ದೋಣಿಗೂ ದಾರಿ ತೆರೆದಂತೆ. ಆಳವಾದ ಅಡಿಪಟ್ಟಿಯ ಹಾಯಿದೋಣಿ ಈ ಕಿರುಗಾಲುವೆಗಳಿಗೆ ಬರಲಾರದು, ಅದಕ್ಕೆ ಒಂದೂವರೆ ಎರಡು ಮೀಟರ್ ನೀರು ಬೇಕು. ಬರಬಲ್ಲವು ಕಯಾಕ್, ನಿಂತು ಹುಟ್ಟು ಹಾಕುವ ಪ್ಯಾಡಲ್ ಹಲಗೆಗಳು. ಕಳೆದ ಕೆಲವು ವರ್ಷಗಳಲ್ಲಿ ಇವು ಎಲ್ಲೆಲ್ಲೂ ಕಾಣುತ್ತಿವೆ. ಮೊಣಕಾಲು ಮುಳುಗುವಷ್ಟು ನೀರಿದ್ದರೆ ಸಾಕು. ಸದ್ದಿಲ್ಲ. ಮೈಗೆ ಒಗ್ಗುವ ರಬ್ಬರ್ ಉಡುಪು ಹಾಕಿದರೆ ಚಳಿಗಾಲದಲ್ಲೂ ಹೋಗಬಹುದು. ಹಾಯಿದೋಣಿಯನ್ನು ಹಕ್ಕಿಯಿಂದ ದೂರ ಇಟ್ಟಿದ್ದ ಆಳ ಮತ್ತು ಋತು ಎಂಬ ಎರಡೂ ಬೇಲಿ ಇವರಿಗಿಲ್ಲ.

ಹಾಯಿಯವರ ಜೊತೆ ಮಾತಾಡುವುದು ಸುಲಭ. ಅವರಿಗೆ ಕ್ಲಬ್ ಇದೆ, ರೇಸ್ ಪಟ್ಟಿ ಇದೆ, ಉಬ್ಬರದ ಪುಸ್ತಕವನ್ನು ಪ್ರತಿದಿನ ನೋಡುವ ಅಭ್ಯಾಸ ಇದೆ. ಆ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಕಾಲಂ ಸೇರಿಸಬಹುದು: ಈ ದಿನ ದೊಡ್ಡ ಉಬ್ಬರ, ಇಂಥ ಹುಲ್ಲಿನ ಅಂಚಿನಿಂದ ದೂರ ತಿರುವು ಇಡಿ, ಜೂನ್ ಜುಲೈ, ಇಂಥ ದಿಬ್ಬದ ಮರೆಯಲ್ಲಿ ಇಳಿತಕ್ಕೆ ಕಾಯಬೇಡಿ, ಇನ್ನೊಂದು ಮೈಲಿ ಮುಂದೆ ಲಂಗರು ಹಾಕಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹಕ್ಕನ್ನು ಯಾರೂ ಕಸಿಯುವುದೂ ಇಲ್ಲ. ಚಳಿಗಾಲದ ರೇಸ್ ನಡೆಸುವ ಕ್ಲಬ್ಬುಗಳು ಕೊರೆಯುವ ಚಳಿಯ ವಾರಗಳಲ್ಲಿ, ಬೇಟೆಗಾರರ ಹಾಗೆ, ರೇಸ್ ಕೈಬಿಡಬಹುದು.

ಪ್ಯಾಡಲ್ ಹಲಗೆಯನ್ನು ಅಂಗಡಿಯಿಂದ ಕೊಂಡು, ಗಾಳಿ ತುಂಬಿಸಿ, ಕಾರಿನಿಂದಿಳಿದು ನೇರ ನೀರಿಗೆ ಹೋಗುವವರಿಗೆ ಕ್ಲಬ್ ಇಲ್ಲ. ಬ್ರಿಟನ್ನಿನ ಸಮುದ್ರದಲ್ಲಿ ವಿಹಾರಕ್ಕೆ ಹೋಗಲು ಲೈಸೆನ್ಸೂ ಬೇಕಿಲ್ಲ, ನೋಂದಣಿಯೂ ಬೇಕಿಲ್ಲ. ಮನೆ ಕಟ್ಟುವವರ ಹಣದಿಂದ ನೇಮಿಸಿದ ಕಾವಲಿನವರು ಇರುವುದು ದಡದ ಮೇಲೆ, ನಾಯಿಗಳನ್ನು ನೋಡಿಕೊಳ್ಳಲು. ನೀರಿನ ಮೇಲೆ ಇವರ ಬಳಿ ಹೋಗಿ ಈಗ ಬೇಡ, ಎರಡು ಗಂಟೆ ಬಿಟ್ಟು ಬನ್ನಿ ಎಂದು ಹೇಳುವವರು ಸಿಗುವುದು ಅಪರೂಪ.